ಅತ್ತೆಮ್ಮ ಕಂಡ ಮೀನು

ಮೀನಿನ ಕಾರ್ಖಾನೆಯಲ್ಲಿ ಸಾಲಿಗೆ ನಿಂತ ಹೆಂಗಸರು ದಿನಕ್ಕೆ ಎರಡೇ ಸಲ ಕಕ್ಕಸಿಗೆ ಹೋಗಬಹುದು, ಒಂದೊಂದು ಸಲಕ್ಕೆ ನಾಲ್ಕೇ ನಿಮಿಷ ಎಂದು ಗೋಡೆಗೆ ಚೀಟಿ ಅಂಟಿಸಿದವನನ್ನು ದೇವರು ಕ್ಷಮಿಸುವುದಾದರೆ ಕ್ಷಮಿಸಲಿ, ಅದು ಅವನ ದೊಡ್ಡತನ. ಅಲ್ಲಿ ಮೈ ಸವೆಸಿದವರು ಯಾರೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಮೇಸ್ತ್ರಿ ಎನ್ನುವವನು ಕೈಗಡಿಯಾರ ನೋಡುತ್ತ ಕಕ್ಕಸಿನ ಬಾಗಿಲ ಹೊರಗೆ ನಿಂತಿರುತ್ತಿದ್ದ. ಮಕ್ಕಳನ್ನು ಹೆತ್ತವರು, ಮೊಮ್ಮಕ್ಕಳನ್ನು ಕಂಡವರು, ಶಾಲೆಯ ಹುಡುಗಿಯರ ಹಾಗೆ ಕೈಯೆತ್ತಿ ಅಪ್ಪಣೆ ಕೇಳಬೇಕು. ಅವನು ತಲೆಯಾಡಿಸಿದರೆ ಹೋಗಬೇಕು, ಇಲ್ಲದಿದ್ದರೆ ಬಿಗಿಹಿಡಿದುಕೊಂಡು ಮೀನು ಸೀಳಬೇಕು. ಅವನನ್ನು ಹೆತ್ತವಳ ಮೈಯೂ ಹೆಣ್ಣು ಮೈಯೇ ಅಲ್ಲವೇ ಎಂದು ಕೇಳುವ ಗಂಡಸು ಆ ಕಾರ್ಖಾನೆಯಲ್ಲಿ ಒಬ್ಬನೂ ಇರಲಿಲ್ಲ. ಮಂಜುಗಡ್ಡೆಯ ಕೋಣೆಯಲ್ಲಿ ಸಲಿಕೆ ಹಿಡಿದ ಗಂಡಸರೆಲ್ಲ ನೆಲ ನೋಡುತ್ತಿದ್ದರು. ಅವರ ಸಿಟ್ಟು ಅರ್ಧ ಮೇಸ್ತ್ರಿಯ ಮೇಲೆ, ಅರ್ಧ ತಮ್ಮ ಮೇಲೆಯೇ.

ವರ್ಲೀನ್ ಆ ಸಾಲಿನಲ್ಲಿ ಹನ್ನೆರಡು ವರ್ಷ ನಿಂತವಳು. ಮಿಸಿಸಿಪ್ಪಿಯ ಡೆಲ್ಟಾ ಸೀಮೆಯಲ್ಲಿ ಹತ್ತಿ ಬಿಡಿಸುವ ಕೆಲಸವನ್ನು ಯಂತ್ರಗಳು ಕಿತ್ತುಕೊಂಡ ಮೇಲೆ ಕರಿಯ ಹೆಂಗಸರಿಗೆ ಉಳಿದಿದ್ದು ಮೀಸೆಮೀನು ಸೀಳುವ ಕೆಲಸ ಒಂದೇ. ಎತ್ತರದ ಆಳು. ಅವಳು ನಕ್ಕರೆ ಸಾಲಿನ ಆ ತುದಿಯಲ್ಲಿದ್ದವರೂ ಏನಂತೆ ಎಂದು ತಿರುಗಿ ನೋಡುತ್ತಿದ್ದರು. ಒಂದು ಮೀನಿಗೆ ಎರಡೇ ಏಟು ಅವಳ ಕತ್ತಿ. ಆದರೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಡಿಲು ಬರಿದು. ಗಂಡ ಕ್ಲಿಯೋಥಾ ಹತ್ತಿ ಗಿರಣಿಯಲ್ಲಿ ಯಂತ್ರ ರಿಪೇರಿಯವನು, ಮಾತು ಕಡಿಮೆ, ಸಿಟ್ಟು ಜಾಸ್ತಿ, ಹೆಂಡತಿಯ ಮೇಲೆ ಮಾತ್ರ ಒಂದು ದಿನವೂ ಸಿಡುಕಿದವನಲ್ಲ.

ಮಕ್ಕಳಾಗದ್ದು ಒಂದು ಕಷ್ಟವಾದರೆ ಅದರ ಬೆನ್ನಿಗೆ ಇನ್ನೊಂದಿತ್ತು. ತಿಂಗಳಿಗೆ ಮೂರು ನಾಲ್ಕು ದಿನ ಆಗಬೇಕಾದ ಮುಟ್ಟು ಅವಳಿಗೆ ಇಪ್ಪತ್ತು ದಿನ ಹರಿಯುತ್ತಿತ್ತು. ಹರಿಯುವುದೆಂದರೆ ಗೆರೆ ಗೆರೆಯಾಗಿ ಅಲ್ಲ, ನಲ್ಲಿ ಬಿಟ್ಟ ಹಾಗೆ. ಎರಡು ಬಟ್ಟೆ, ಅದರ ಮೇಲೆ ಒಂದು ಟವೆಲು, ಅದರ ಮೇಲೆ ಕರಿ ಪ್ಯಾಂಟು, ಅದರ ಮೇಲೆ ಮೊಣಕಾಲವರೆಗೆ ಪ್ಲಾಸ್ಟಿಕ್ ಏಪ್ರನ್ನು. ಪಕ್ಕದಲ್ಲಿ ನಿಲ್ಲುತ್ತಿದ್ದ ಓಸಿ ಮೇ ತನ್ನ ಪಾಲಿನ ಎರಡು ಸಲದಲ್ಲಿ ಒಂದನ್ನು ವರ್ಲೀನಳಿಗೆ ಬಿಟ್ಟುಕೊಡುತ್ತಿದ್ದಳು. "ನಂದು ಒಂಟೆ ಹೊಟ್ಟೆ ಕಣೆ, ಸಂಜೆವರೆಗೂ ತಡೀತದೆ. ನೀನು ಹೋಗು" ಎನ್ನುತ್ತಿದ್ದಳು.

ಊರಿನ ಡಾಕ್ಟರ ಹತ್ತಿರ ವರ್ಲೀನ್ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಅವನು ಕಾಗದದಿಂದ ಕಣ್ಣು ಎತ್ತಲಿಲ್ಲ.

"ನಿಮ್ಮ ಜನಕ್ಕೆ ಮಕ್ಕಳಾಗಲ್ಲ ಅನ್ನೋ ಕಾಯಿಲೆ ನಾನು ಈ ಮೂವತ್ತು ವರ್ಷದಲ್ಲಿ ಕಂಡಿಲ್ಲಮ್ಮ. ಸಾಕಪ್ಪ ಸಾಕು ಅಂತ ಬರೋರೇ ಎಲ್ಲ. ಮೈ ಇಳಿಸು, ಸರಿ ಹೋಗತ್ತೆ."

"ರಕ್ತ ನಿಲ್ಲಲ್ಲ ಡಾಕ್ಟ್ರೇ."

"ಹೆಂಗಸರಿಗೆ ರಕ್ತ ಹೋಗೋದೇ ತಾನೇ. ಕಬ್ಬಿಣದ ಮಾತ್ರೆ ಬರೀತೀನಿ."

ಹೊರಗಿನವರು ನಂಬದಿದ್ದರೆ ಹೋಗಲಿ, ಮನೆಯವರೂ ನಂಬುತ್ತಿರಲಿಲ್ಲ. ಹೆತ್ತು ಹೆತ್ತು ಸೊಂಟ ಬಿದ್ದುಹೋದ ಜನ ಅವರು. ಮಗು ಆಗುವುದು ಬೇಡವೆಂದರೂ ನಿಲ್ಲದ ವಿಷಯವೆಂದು ತಿಳಿದವರ ನಡುವೆ, ಬೇಕೆಂದರೂ ಬಾರದವಳು ತನ್ನ ಕಷ್ಟವನ್ನು ಯಾವ ಮಾತಿನಲ್ಲಿ ಹೇಳಬೇಕು? ಅದಕ್ಕೆ ಅಲ್ಲಿ ಮಾತೇ ಇರಲಿಲ್ಲ. "ಅವಳಿಗೆ ಕೆಲಸದ ಹುಚ್ಚು, ಮಗು ಯಾಕೆ ಬೇಕು" ಎಂದು ಒಬ್ಬರು, "ಚಿಕ್ಕ ವಯಸ್ಸಲ್ಲಿ ಏನು ಮಾಡ್ಕೊಂಡಿದ್ಲೋ" ಎಂದು ಇನ್ನೊಬ್ಬರು. ವರ್ಲೀನ್ ಕೇಳಿಸಿಕೊಂಡು ನಗುತ್ತಿದ್ದಳು. ನಕ್ಕು ಮನೆಗೆ ಬಂದು ಸ್ನಾನದ ತೊಟ್ಟಿಯ ಅಂಚಿನಲ್ಲಿ ಕುಳಿತರೆ ಏಳಲು ಒಂದು ಗಂಟೆ ಬೇಕಾಗುತ್ತಿತ್ತು.

ಅವಳಿಗೆ ಆಸ್ಪತ್ರೆ ಎಂದರೆ ಭಯ. ಕಾರಣ ಅವಳ ತಾಯಿ ಲೂಡಿ. ಲೂಡಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹೊಟ್ಟೆನೋವೆಂದು ಹೋದವಳು, ಹತ್ತು ದಿನ ಬಿಟ್ಟು ಹೊಲಿಗೆ ಹಾಕಿಸಿಕೊಂಡು ಬಂದಳು. ಏನು ತೆಗೆದರು ಎಂದು ಯಾರೂ ಹೇಳಲಿಲ್ಲ. ಮತ್ತೆ ಮುಟ್ಟಾಗಲಿಲ್ಲ, ಮತ್ತೆ ಮಗುವಾಗಲಿಲ್ಲ. ಹದಿನೈದು ವರ್ಷದ ನಂತರ ಬೇರೊಬ್ಬ ದಾದಿ ಹಳೆಯ ಕಾಗದ ಓದಿ, "ನಿಂಗೆ ಗರ್ಭಕೋಶ ಇಲ್ವಲ್ಲಮ್ಮ" ಎಂದಾಗಲೇ ಗೊತ್ತಾದದ್ದು. ಆದ್ದರಿಂದ ವರ್ಲೀನಳ ಹೊಟ್ಟೆಯಲ್ಲಿ ಗೆಡ್ಡೆಗಳಿವೆ, ಗರ್ಭಕೋಶ ತೆಗೆಸಿಬಿಡು ಎಂದು ಪಕ್ಕದ ಊರಿನ ಡಾಕ್ಟರು ಹೇಳಿದಾಗ ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದಿದ್ದಳು.

ತೊಂಬತ್ತಮೂರರ ಅಕ್ಟೋಬರಿನಲ್ಲಿ ಒಂದು ಬೆಳಕಿನ ಕಿಂಡಿ ತೆರೆಯಿತು. ನೂರಿಪ್ಪತ್ತು ಮೈಲಿ ದೂರದ ದೊಡ್ಡ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ತಿಂಗಳಿಗೊಮ್ಮೆ ಊರಿಗೆ ಬರತೊಡಗಿದಳು. ಕರಿಯ ಹೆಣ್ಣುಮಗಳೇ, ವರ್ಲೀನಳಿಗಿಂತ ಚಿಕ್ಕವಳು. ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನೋಡಿದಳು.

"ನಾಲ್ಕು ಗೆಡ್ಡೆ ಇದಾವೆ ಅಕ್ಕ. ಒಂದು ನನ್ನ ಮುಷ್ಟಿಯಷ್ಟಿದೆ. ಗೆಡ್ಡೆ ಮಾತ್ರ ಬಿಡಿಸ್ತೀನಿ, ಕೋಶ ಉಳಿಸ್ತೀನಿ. ಆಮೇಲೆ ಮಗು ಆಗೇ ಆಗತ್ತೆ ಅಂತ ಆಣೆ ಇಡಲ್ಲ, ಆದ್ರೆ ಬಾಗಿಲು ತೆರೆದಿರತ್ತೆ. ತಡ ಮಾತ್ರ ಮಾಡ್ಬಾರ್ದು."

ಅವಳ ಸರದಿಯ ಪಟ್ಟಿ ಉದ್ದವಿತ್ತು. ಏಳು ತಿಂಗಳು ಕಾಯಬೇಕು, ಮೇ ಎರಡನೆಯ ತಾರೀಕು ದೊಡ್ಡ ಆಸ್ಪತ್ರೆಗೆ ಬಾ ಎಂದು ಬರೆದುಕೊಟ್ಟಳು. ವರ್ಲೀನ್ ಆ ಚೀಟಿಯನ್ನು ಬೈಬಲಿನಲ್ಲಿ ಇಟ್ಟು, ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಕ್ಲಿಯೋಥಾನ ತಾಯಿ ಆರ್ಜೆಲ್ಲಾ ಚರ್ಚಿನ ಹಿರಿಯ ತಾಯಂದಿರಲ್ಲಿ ಮೊದಲನೆಯವಳು. ಭಾನುವಾರ ಬಿಳಿ ಉಡುಪು ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತರೆ ಪಾದ್ರಿಯೂ ಅವಳ ಮುಖ ನೋಡಿಯೇ ಉಪದೇಶ ಮುಗಿಸುತ್ತಿದ್ದ. ಊರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿತ್ತು, ವರ್ಲೀನ್ ಅತ್ತೆಮ್ಮ ಎನ್ನುತ್ತಿದ್ದಳು. ಅಲ್ಲಿಯವರಲ್ಲಿ ಮನೆಯ ಹಿರಿಯ ಹೆಂಗಸಿನ ಕನಸಿನಲ್ಲಿ ಮೀನು ಬಂದರೆ ಬಳಗದಲ್ಲಿ ಯಾರೋ ಬಸುರಿಯಾಗಿದ್ದಾಳೆ ಎಂದೇ ಅರ್ಥ. ಎಲ್ಲರ ಕನಸಿಗೂ ಒಂದೇ ಬೆಲೆಯಲ್ಲ, ಆರ್ಜೆಲ್ಲಾಳ ಕನಸು ಮಾತ್ರ ನಲವತ್ತು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲ. ಮೀನು ಕಂಡ ಮರುದಿನ ಅವಳು ಮನೆಮನೆಗೂ ಫೋನು ತಿರುಗಿಸಿ, "ಯಾರು, ನೀನಾ?" ಎಂದು ಕೇಳುತ್ತಿದ್ದಳು. ಗಂಡನಿಗೆ ಹೇಳದವರೂ ಅವಳಿಗೆ ಹೇಳಿಬಿಡುತ್ತಿದ್ದರು.

ಏಪ್ರಿಲ್ ಮೂರನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಂಗಸರೆಲ್ಲ ಆರ್ಜೆಲ್ಲಾಳ ಅಡುಗೆಮನೆಯಲ್ಲಿದ್ದರು. ಒಲೆಯ ಮೇಲೆ ಕೋಳಿ ಕರಿಯುತ್ತಿತ್ತು, ಸಾಸಿವೆ ಸೊಪ್ಪು ಬೇಯುತ್ತಿತ್ತು. ಆರ್ಜೆಲ್ಲಾ ಸಾಕುತ್ತಿದ್ದ ಮೊಮ್ಮಗಳು ಶಾಂಡ್ರಿಕಾ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಹದಿನಾರು ವರ್ಷದ ಹುಡುಗಿ, ಚರ್ಚಿನ ಗಾಯನದಲ್ಲಿ ಮೊದಲ ದನಿ ಅವಳದು, ತಾಯಿ ಮೆಂಫಿಸ್‌ನಲ್ಲಿ ದುಡಿಯುತ್ತಿದ್ದಳು.

"ಯಾರೇ ಅದು?" ಆರ್ಜೆಲ್ಲಾ ಎಣ್ಣೆಯಿಂದ ಕಣ್ಣು ತೆಗೆಯದೆ ಕೇಳಿದಳು. "ನಿನ್ನೆ ಮೀನು ಬಂತು. ಬಾಯಿಬಿಟ್ಟು ಹೇಳಿಬಿಡಿ. ನಾನಾಗೇ ಕಂಡುಹಿಡಿದ್ರೆ ಚೆನ್ನಾಗಿರಲ್ಲ."

ಓಸಿ ಮೇ ಎರಡೂ ಕೈ ಮೇಲೆತ್ತಿದಳು. "ನನ್ನ ಅಂಗಡಿ ಬಾಗಿಲು ಹಾಕಿ ಆರು ವರ್ಷ ಆಯ್ತು ದೊಡ್ಡಮ್ಮ. ಬೀಗದ ಕೈನೂ ಕಳೆದೋಯ್ತು."

"ಬೀಗದ ಕೈ ನಿನ್ನ ಗಂಡನ ಜೇಬಲ್ಲಿದೆಯಂತಲ್ಲೇ?"

"ಆ ಜೇಬಲ್ಲಿ ಈಗ ಮಂಡಿನೋವಿನ ಮಾತ್ರೆ ಬಿಟ್ರೆ ಏನೂ ಇಲ್ಲ, ಬೇಕಾದ್ರೆ ಕೈ ಹಾಕಿ ನೋಡ್ಬನ್ನಿ."

ಅಡುಗೆಮನೆ ನಗೆಯಲ್ಲಿ ತೇಲಿತು. "ಎಂಥ ಮೀನು ದೊಡ್ಡಮ್ಮ, ಯಾರ ಅಂಗಳದಲ್ಲಿತ್ತು?" ಎಂದು ಒಬ್ಬಳು ಕೇಳಿದಳು.

"ಅಂಗಳ ಕಾಣ್ಲಿಲ್ಲ. ತಿಳಿನೀರು, ದಪ್ಪ ಮೀನು, ಬಾಲ ಬಡೀತಿತ್ತು. ಅಷ್ಟೇ."

ವರ್ಲೀನ್ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಸ್ರಾವ ನಿಂತು ಏಳು ವಾರವಾಗಿತ್ತು. ಹತ್ತು ವರ್ಷದಲ್ಲಿ ಅಷ್ಟು ದಿನ ಒಣಗಿದ್ದದ್ದು ಅದೇ ಮೊದಲು. ಹೊಟ್ಟೆ ಗಟ್ಟಿಯಾಗಿತ್ತು, ಬೆಳಿಗ್ಗೆ ಮೀನಿನ ವಾಸನೆಗೆ ಓಕರಿಕೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಈಗ ಮಾತು ತಾನಾಗಿಯೇ ಹೊರಬಿತ್ತು.

"ಏಳು ವಾರ ಆಯ್ತು" ಎಂದಳು.

ನಗೆ ನಿಂತಿತು. ಆರ್ಜೆಲ್ಲಾ ಒಲೆಯಿಂದ ತಿರುಗಿ ಸೊಸೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು, ಹಿಂದೆ ಎಣ್ಣೆಯಲ್ಲಿ ಕೋಳಿ ಕಪ್ಪಗಾಗುವಷ್ಟು ಹೊತ್ತು. ಆಮೇಲೆ "ದೇವರಿಗೆ ಸ್ತೋತ್ರ" ಎಂದು ಮೆಲ್ಲನೆ ಹೇಳಿ ಕೈ ಚಾಚಿದಳು. ಓಸಿ ಮೇ ಅಳುತ್ತ ವರ್ಲೀನಳ ಕೊರಳಿಗೆ ಬಿದ್ದಳು. ಹೆಂಗಸರು ಒಬ್ಬರ ಮೇಲೊಬ್ಬರು ಬಂದು ಅವಳ ಹೊಟ್ಟೆ ಮುಟ್ಟಿದರು. ಹನ್ನೊಂದು ವರ್ಷ ಅವಳ ಬೆನ್ನ ಹಿಂದೆ ಆಡಿಕೊಂಡವರೂ ಮುಟ್ಟಿದರು. ಅವಳು ಎಲ್ಲರಿಗೂ ಮುಟ್ಟಲು ಬಿಟ್ಟಳು.

ಬುಧವಾರ ಅವಳು ಔಷಧಿ ಅಂಗಡಿಯಿಂದ ಬಸಿರು ಪರೀಕ್ಷೆಯ ಕಡ್ಡಿ ತಂದಳು. ಎರಡು ಗೆರೆ ಬರಬೇಕಾದಲ್ಲಿ ಒಂದೇ ಬಂತು. ಕಿಟಕಿಯ ಬೆಳಕಿಗೆ ಹಿಡಿದಳು, ದೀಪದ ಬೆಳಕಿಗೆ ಹಿಡಿದಳು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಳು. ಒಂದೇ.

ಅತ್ತೆಯ ಮನೆಗೆ ಹೋಗಿ, "ಅತ್ತೆಮ್ಮ, ಕಡ್ಡಿ ಇಲ್ಲ ಅಂತಿದೆ" ಎಂದಳು.

ಆರ್ಜೆಲ್ಲಾ ಬಟ್ಟೆ ಮಡಿಸುತ್ತಿದ್ದಳು. "ಕಡ್ಡಿಗೇನು ಗೊತ್ತು" ಎಂದಳು, ಮಡಿಸುವುದು ನಿಲ್ಲಿಸಲಿಲ್ಲ. "ಸ್ವಲ್ಪ ದಿನ ತಡಿ."

ಆ ಒಂದು ಮಾತಿಗಾಗಿಯೇ ಬಂದವಳ ಹಾಗೆ ವರ್ಲೀನ್ ಅದನ್ನು ಕಟ್ಟಿಕೊಂಡು ಹಿಂದಿರುಗಿದಳು. ದಾರಿಯಲ್ಲಿ ಕಡ್ಡಿಯನ್ನು ಕಾಲುವೆಗೆ ಎಸೆದಳು. ಆಚೆ ಬದಿಯ ಅಂಗಡಿಯ ಮುಂದಿನ ಫೋನಿನಿಂದ ದೊಡ್ಡ ಆಸ್ಪತ್ರೆಗೆ ಕರೆ ಮಾಡಿ, ಮೇ ಎರಡರ ಆಪರೇಷನ್ನಿಗೆ ಬರುವುದಿಲ್ಲ ಎಂದಳು.

"ಯಾಕಮ್ಮ?" ಆ ಕಡೆಯ ಹುಡುಗಿ ಕೇಳಿದಳು.

"ಬಸುರಿ ನಾನು."

"ಓ, ಒಳ್ಳೇದಾಯ್ತು. ಪರೀಕ್ಷೆ ಮಾಡಿಸಿದ್ರಾ?"

"ಮಾಡಿಸಿದೆ" ಎಂದಳು ವರ್ಲೀನ್.

ಆ ಸರದಿ ಅಂದೇ ಬೇರೊಬ್ಬಳಿಗೆ ಹೋಯಿತು. ಏಳು ತಿಂಗಳು ಕಾದದ್ದನ್ನು ಬಿಟ್ಟುಕೊಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಗಂಡನಿಗೆ ಮಾತ್ರ, ಡಾಕ್ಟರಮ್ಮನೇ ತಾರೀಕು ಮುಂದೆ ಹಾಕಿದ್ದಾಳೆ ಎಂದು ಸುಳ್ಳು ಹೇಳಿದಳು. ದಡ್ಡತನ ಎನ್ನುವವರು ಎನ್ನಲಿ. ಹನ್ನೊಂದು ವರ್ಷ ಬಾಯಾರಿದವಳ ಮುಂದೆ ಒಂದು ಲೋಟ ಹಿಡಿದು, ಒಳಗೆ ನೀರಿದೆಯೋ ಇಲ್ಲವೋ ನೋಡಿ ಆಮೇಲೆ ತುಟಿಗಿಡು ಎಂದು ಹೇಳುವವರು ಬಾಯಾರಿದವರಲ್ಲ.

ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ತಾಯಿ ಬದುಕಿರುವವರು ಎದೆಗೆ ಕೆಂಪು ಹೂವು, ತೀರಿಕೊಂಡವರ ಮಕ್ಕಳು ಬಿಳಿ ಹೂವು ಸಿಕ್ಕಿಸಿಕೊಂಡು ಬರುತ್ತಾರೆ. ಉಪದೇಶಕ್ಕೆ ಮೊದಲು ಪಾದ್ರಿ ತಾಯಂದಿರೆಲ್ಲ ಎದ್ದು ನಿಲ್ಲಿ ಎನ್ನುತ್ತಾನೆ, ಹುಡುಗಿಯರು ನಿಂತವರಿಗೆಲ್ಲ ಒಂದೊಂದು ಹೂವು ಕೊಡುತ್ತ ಬರುತ್ತಾರೆ. ಹತ್ತು ವರ್ಷ ವರ್ಲೀನ್ ಆ ಹೊತ್ತಿಗೆ ಸರಿಯಾಗಿ ಹಿಂದಿನ ಅಡುಗೆಕೋಣೆಗೆ ಹೋಗಿ ಕಾಫಿ ಕಾಯಿಸುತ್ತಿದ್ದಳು. ಇಡೀ ಚರ್ಚು ಎದ್ದು ನಿಂತಾಗ ಒಬ್ಬಳೇ ಕುಳಿತಿರುವುದು ಎಂದರೆ ಏನೆಂದು ಮೊದಲ ವರ್ಷವೇ ಕಲಿತಿದ್ದಳು.

ಈ ಸಲ ಅವಳು ಬೆಂಚಿನಲ್ಲೇ ಇದ್ದಳು. ಪಾದ್ರಿ ಕರೆದ. ಸುತ್ತಲೂ ಬಟ್ಟೆಗಳ ಸರಬರ. ವರ್ಲೀನ್ ಕುಳಿತೇ ಇದ್ದಳು. ಮುಂದಿನ ಸಾಲಿನಿಂದ ಆರ್ಜೆಲ್ಲಾ ತಿರುಗಿ, ಕೈಯಲ್ಲಿದ್ದ ಬೀಸಣಿಗೆಯಿಂದ ಏಳು ಎಂದು ಸನ್ನೆ ಮಾಡಿದಳು. ವರ್ಲೀನ್ ಎದ್ದು ನಿಂತಳು. ಪಕ್ಕದಲ್ಲಿ ಕ್ಲಿಯೋಥಾ ಟೋಪಿಯಿಂದ ಮುಖ ಮುಚ್ಚಿಕೊಂಡ. ಹೂವು ಕೊಡುತ್ತ ಬಂದವಳು ಶಾಂಡ್ರಿಕಾ. ಹುಡುಗಿಯ ಕೈಯಿಂದ ಹೂವು ಕೆಳಗೆ ಬಿತ್ತು, ಇಬ್ಬರೂ ಒಟ್ಟಿಗೆ ಬಗ್ಗಿದರು, ಹಣೆಗೆ ಹಣೆ ತಾಗಿತು.

"ಅತ್ತೆ, ತಪ್ಪಾಯ್ತು" ಎಂದಳು ಹುಡುಗಿ.

"ಹೂವು ಬಿದ್ರೆ ತಪ್ಪೇನೇ, ಪುಟ್ಟಿ" ಎಂದಳು ವರ್ಲೀನ್.

ಮೇ ಕೊನೆಯ ಗುರುವಾರ. ಬೆಳಿಗ್ಗೆ ಹತ್ತಕ್ಕೆಲ್ಲ ಅವಳ ಎರಡು ಸಲ ಮುಗಿದಿತ್ತು, ಓಸಿ ಮೇ ಬಿಟ್ಟುಕೊಟ್ಟದ್ದೂ ಮುಗಿದಿತ್ತು. ಹತ್ತೂಮುಕ್ಕಾಲಿಗೆ ಒಳಗೆ ಏನೋ ಕಟ್ಟೆ ಒಡೆದಂತಾಯಿತು. ವರ್ಲೀನ್ ಕತ್ತಿ ಹಿಡಿದ ಕೈಯನ್ನೇ ಎತ್ತಿದಳು.

ಮೇಸ್ತ್ರಿ ಗಡಿಯಾರ ನೋಡಿದ. "ಊಟಕ್ಕೆ ಇನ್ನು ಕಾಲು ಗಂಟೆ ಇದೆ. ತಡ್ಕೋ."

ಅವಳು ತಡೆದುಕೊಂಡಳು. ಇನ್ನೂ ಹನ್ನೊಂದು ಮೀನು ಸೀಳಿದಳು. ಮೀನಿನ ಕಾರ್ಖಾನೆಯಲ್ಲಿ ರಕ್ತ ಯಾರ ಕಣ್ಣಿಗೂ ಬೀಳುವುದಿಲ್ಲ. ನೆಲದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೆಂಪು ನೀರು ಹರಿಯುತ್ತಲೇ ಇರುತ್ತದೆ. ಅವಳ ರಬ್ಬರ್ ಬೂಟು ತುಂಬಿ ಅಂಚಿನಿಂದ ಉಕ್ಕಿದಾಗಲೇ ಓಸಿ ಮೇ ಕಂಡದ್ದು. ಓಸಿ ಮೇ ಕತ್ತಿ ಬಿಸಾಕಿ ಅವಳ ಕಂಕುಳಿಗೆ ಕೈ ಹಾಕಿದಳು.

"ಏಯ್, ನೀನು ಕೈ ಎತ್ತಿಲ್ಲ" ಎಂದು ಮೇಸ್ತ್ರಿ ಅಡ್ಡ ಬಂದ.

"ಈಗ ಎತ್ತಿದ್ರೆ ನಿನ್ನ ಕೆನ್ನೆ ಮೇಲೇ ಬೀಳತ್ತೆ. ಆಚೆ ಸರಿ" ಎಂದಳು ಓಸಿ ಮೇ. ಅಂದೇ ಅವಳ ಕೆಲಸ ಹೋಯಿತು. ಹದಿನಾಲ್ಕು ವರ್ಷ ದುಡಿದಿದ್ದಳು.

ಊರಿನ ಆಸ್ಪತ್ರೆಯಲ್ಲಿ ಅಂದು ಯಾರೋ ಹೊಸ ಡಾಕ್ಟರು. ವರ್ಲೀನಳಿಗೆ ಪ್ರಜ್ಞೆ ಬಂದು ಹೋಗುತ್ತಿತ್ತು. "ಹೊಟ್ಟೇಲಿ ಮಗು ಇದೆ, ನೋಡ್ಕೊಂಡು ಕೈ ಹಾಕಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅವನು ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರವನ್ನು ಆಚೀಚೆ ಆಡಿಸಿದ. ಪರದೆಯನ್ನು ಅವಳ ಕಡೆ ತಿರುಗಿಸಲಿಲ್ಲ.

"ಇಲ್ಲಿ ಮಗು ಇಲ್ಲಮ್ಮ" ಎಂದ. "ಮಗು ಇರೋಕೆ ಜಾಗವೇ ಇಲ್ಲ, ಬರೀ ಗೆಡ್ಡೆ. ರಕ್ತ ನಿಲ್ಲಿಸಬೇಕಂದ್ರೆ ಕೋಶ ತೆಗೀಬೇಕು."

"ಗೆಡ್ಡೆ ಮಾತ್ರ ತೆಗೀರಿ. ದೊಡ್ಡಾಸ್ಪತ್ರೆ ಡಾಕ್ಟರಮ್ಮ ತೆಗೀತೀನಿ ಅಂದಿದ್ರು. ಅವರನ್ನ ಕರೆಸಿ."

"ಅದು ನೂರಿಪ್ಪತ್ತು ಮೈಲಿ. ನಿನ್ನ ಮೈಯಲ್ಲಿ ಅಷ್ಟು ದೂರದ ರಕ್ತ ಉಳಿದಿಲ್ಲ."

ದಾದಿ ಕಾಗದ ಹಿಡಿದಳು. ಕ್ಲಿಯೋಥಾ ಇನ್ನೂ ಗಿರಣಿಯಿಂದ ಬಂದಿರಲಿಲ್ಲ. ತಾಯಿ ಲೂಡಿಯನ್ನು ಯಾರೂ ಕೇಳಿರಲಿಲ್ಲ, ಇವಳನ್ನು ಕೇಳುತ್ತಿದ್ದರು. ಕೇಳಿದ್ದರಿಂದ ಏನು ಹೆಚ್ಚಾಯಿತು ಎಂದು ತಿಳಿಯದೆ, ಮೀನಿನ ಲೋಳೆ ಅಂಟಿದ ಬೆರಳುಗಳಲ್ಲಿ ಅವಳು ತನ್ನ ಹೆಸರು ಬರೆದಳು. ಕೊನೆಯ ಅಕ್ಷರ ಕಾಗದದಿಂದಾಚೆ ಹೋಯಿತು.

ಸಂಜೆ ಕ್ಲಿಯೋಥಾ ಕೈಗೆ ಮೆತ್ತಿದ ಗ್ರೀಸನ್ನೂ ತೊಳೆಯದೆ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ. "ನೀನು ಉಳ್ಕೊಂಡ್ಯಲ್ಲ, ಅಷ್ಟು ಸಾಕು" ಎಂದ.

"ಅಷ್ಟು ಸಾಕು ಅನ್ನೋದನ್ನ ಇನ್ನೊಂದು ಸಲ ಹೇಳ್ಬೇಡ" ಎಂದಳು. ಆಮೇಲೆ ಕಡ್ಡಿಯ ವಿಷಯ, ಫೋನಿನ ವಿಷಯ, ಮೇ ಎರಡರ ಸುಳ್ಳು, ಎಲ್ಲವನ್ನೂ ಗೋಡೆ ನೋಡುತ್ತ ಹೇಳಿದಳು. ಅವನು ಎದ್ದು ಹೊರಗೆ ಹೋದ. ಅಂಗಳದಲ್ಲಿ ಅವನು ತನ್ನದೇ ಗಾಡಿಯ ಬಾಗಿಲನ್ನು ಒದೆಯುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಏಳೆಂಟು ಸಲ. ಆಮೇಲೆ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತ.

ಜುಲೈ ಹೊತ್ತಿಗೆ ವರ್ಲೀನ್ ಜಗುಲಿಯವರೆಗೆ ನಡೆಯುವಂತಾಗಿದ್ದಳು. ಒಂದು ಮಧ್ಯಾಹ್ನ ಓಸಿ ಮೇ ಬಂದು ಮೆಟ್ಟಿಲ ಮೇಲೆ ಕುಳಿತಳು, ಬಟಾಣಿ ಸುಲಿದಳು, ಬಾಯಿ ತೆರೆದಳು, ಮುಚ್ಚಿದಳು.

"ಏನಿದ್ರೂ ಉಗುಳೇ" ಎಂದಳು ವರ್ಲೀನ್.

"ಬೇರೆಯವರ ಬಾಯಿಂದ ಕೇಳೋದಕ್ಕಿಂತ ನಾನೇ ಹೇಳ್ತೀನಿ. ಶಾಂಡ್ರಿಕಾಗೆ ನಾಲ್ಕು ತಿಂಗಳಂತೆ. ಹಾಡೋರ ನಿಲುವಂಗಿ ಒಳಗೂ ಕಾಣ್ತಿದೆ ಈಗ."

ವರ್ಲೀನ್ ಕೈಯಲ್ಲಿದ್ದ ಬಟಾಣಿ ಕಾಯನ್ನು ಸುಲಿಯದೆ ಕೆಳಗಿಟ್ಟಳು.

"ಊರೋರು ಏನಂತಿದಾರೆ?"

"ಏನಂತಾರೆ. ದೊಡ್ಡಮ್ಮನ ಕನಸು ಈ ಸಲಾನೂ ಸುಳ್ಳಾಗಲಿಲ್ಲ ಅಂತ."

ಮರುದಿನ ಆರ್ಜೆಲ್ಲಾ ಪೀಚ್ ಹಣ್ಣಿನ ಸಿಹಿ ಮಾಡಿಕೊಂಡು, ಮೇಲೆ ಬಟ್ಟೆ ಮುಚ್ಚಿ ತಂದಳು. ಹವಾಮಾನದ ಮಾತಾಡಿದಳು, ಪಾದ್ರಿಯ ಗಂಟಲಿನ ಮಾತಾಡಿದಳು. ವರ್ಲೀನ್ ಬಟ್ಟೆ ಸರಿಸಲೂ ಇಲ್ಲ.

"ಅತ್ತೆಮ್ಮ, ಆ ಮೀನು ಯಾರ ಅಂಗಳದಲ್ಲಿತ್ತು?"

ಮುದುಕಿ ಬೀಸಣಿಗೆ ನಿಲ್ಲಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರ ಮಟ್ಟಿಗೆ ಒಪ್ಪಬೇಕು.

"ಅಂಗಳದಲ್ಲಿ ಇರ್ಲಿಲ್ಲ. ಮಡಿಲಲ್ಲಿತ್ತು. ಶಾಲೆ ಸ್ವೆಟರ್ ಒಳಗೆ ಸುತ್ತಿಟ್ಕೊಂಡು ಕೂತಿದ್ಲು ಹುಡುಗಿ."

"ಮತ್ತೆ ಯಾರೇ ಅದು ಅಂತ ಯಾಕೆ ಕೇಳಿದ್ರಿ?"

"ಅವಳೇ ಒಪ್ಕೊಳ್ಳಲಿ ಅಂತ. ನಾನು ಕೇಳಿದ್ದು ನಲ್ಲಿ ಕಡೆಗೆ. ಉತ್ತರ ಬಂದಿದ್ದು ನಿನ್ನಿಂದ."

"ಅವತ್ತೇ ಅಲ್ಲ ಅನ್ಬಹುದಿತ್ತಲ್ಲ."

"ಅನ್ಬಹುದಿತ್ತು." ಆರ್ಜೆಲ್ಲಾ ತನ್ನ ಅಂಗೈ ನೋಡಿಕೊಂಡಳು. "ನಿನ್ನ ಮುಖ ಹಂಗೆ ಬೆಳಗಿದ್ದು ನಾನು ಯಾವತ್ತೂ ಕಂಡಿರ್ಲಿಲ್ಲ. ಒಂದು ಅದು. ಇಬ್ಬರಿಗೂ ಆಗಿರ್ಬಾರ್ದು ಅಂತೇನಿದೆ ಅಂತಾನೂ ಅಂದ್ಕೊಂಡೆ. ಆದ್ರೆ ದೊಡ್ಡ ಕಾರಣ ಅದಲ್ಲ. ಊರಿನ ಕಣ್ಣು ನಿನ್ನ ಹೊಟ್ಟೆ ಮೇಲಿದ್ರೆ ಹುಡುಗಿಗೆ ಆ ವರ್ಷದ ಶಾಲೆ ಮುಗಿಯೋವರೆಗೆ ನೆರಳು ಸಿಗತ್ತೆ ಅಂತ. ಅದಕ್ಕೇ ಸುಮ್ನಿದ್ದೆ."

"ಮೇ ಎರಡನೇ ತಾರೀಕು ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಕಡ್ಡಿ ತಂದು ತೋರಿಸಿದ್ದೆ."

"ತೋರಿಸಿದ್ದೆ."

ಹೊರಗೆ ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಆರ್ಜೆಲ್ಲಾ ಬೀಸಣಿಗೆಯನ್ನು ಪಕ್ಕಕ್ಕಿಟ್ಟಳು.

"ನಾನು ನಿನ್ನ ಸಾಲಗಾರ್ತಿ ಕಣೆ ವರ್ಲೀನ್" ಎಂದಳು ಆರ್ಜೆಲ್ಲಾ. "ತೀರಿಸೋ ದಾರಿ ಒಂದೇ ಕಾಣೋದು ನಂಗೆ. ಡಿಸೆಂಬರಲ್ಲಿ ಹೆರಿಗೆ. ಮಗು ನಿನ್ನ ಮನೇಲಿ ಬೆಳೀಲಿ. ನಿನ್ನನ್ನೇ ಅವ್ವ ಅನ್ಲಿ. ನಮ್ಮಲ್ಲಿ ಎಷ್ಟು ಮಕ್ಕಳು ಹಂಗೆ ಬೆಳೆದಿಲ್ಲ ಹೇಳು."

ನಿಜ, ಎಷ್ಟೋ ಮಕ್ಕಳು ಹಾಗೆ ಬೆಳೆದಿದ್ದರು. ವರ್ಲೀನಳ ಎರಡೂ ತೋಳು ಅವಳ ಅಪ್ಪಣೆಯಿಲ್ಲದೆ ಮಡಿಲಿಗೆ ಬಂದು, ಏನನ್ನೋ ಹಿಡಿದಂತೆ ಬಾಗಿದವು. ಹೂಂ ಎನ್ನುವ ಮಾತು ಹಲ್ಲಿನ ಹಿಂದೆ ಬಂದು ನಿಂತಿತು. ಹೊಲಿಗೆ ಹಾಕಿದ ಜಾಗ ಸುಡುತ್ತಿತ್ತು. ಡಿಸೆಂಬರಿಗೆ ಐದು ತಿಂಗಳು. ಐದೇ ತಿಂಗಳು.

"ಶಾಂಡ್ರಿಕಾನ ಕೇಳಿದ್ರಾ?" ಎಂದಳು.

"ಅವಳನ್ನ ಕೇಳೋದೇನು, ಅವಳೇ ಇನ್ನೂ ಮಗು. ನಾನು ಹೇಳಿದ್ರೆ ಆಯ್ತು."

ವರ್ಲೀನ್ ತನ್ನ ತೋಳುಗಳನ್ನು ಒಂದೊಂದಾಗಿ ಬಿಚ್ಚಿ ಕುರ್ಚಿಯ ಕೈಗಳ ಮೇಲೆ ಇಟ್ಟಳು. ಅಷ್ಟು ಮಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ನನ್ನ ಹೊಟ್ಟೇನ ಅವಳಿಗೆ ಕೊಟ್ರಿ, ನನ್ನ ಕೇಳ್ಲಿಲ್ಲ. ಈಗ ಅವಳ ಹೊಟ್ಟೇನ ನಂಗೆ ಕೊಡ್ತಿದೀರ, ಅವಳನ್ನೂ ಕೇಳಿಲ್ಲ. ನಂಗೆ ಬೇಡ ಅತ್ತೆಮ್ಮ."

"ಬೇಡ ಅನ್ಬೇಡ ಮಗಾ. ಯೋಚನೆ ಮಾಡು."

"ಯೋಚನೆ ಮಾಡಿದ್ರೆ ಹೂಂ ಅಂದ್ಬಿಡ್ತೀನಿ. ಅದಕ್ಕೇ ಈಗ್ಲೇ ಎದ್ದು ಹೋಗಿ."

ಡಿಸೆಂಬರಿನಲ್ಲಿ ಹೆಣ್ಣು ಮಗುವಾಯಿತು. ಶಾಂಡ್ರಿಕಾ ಶಾಲೆ ಬಿಟ್ಟು ಮಗುವನ್ನು ಎತ್ತಿಕೊಂಡು ತಾಯಿಯ ಬಳಿ ಮೆಂಫಿಸ್‌ಗೆ ಹೋದಳು. ಹೋಗುವ ದಿನ ವರ್ಲೀನಳ ಮನೆಯ ಮುಂದೆ ಕಾರು ನಿಲ್ಲಿಸಿದಳು. ವರ್ಲೀನ್ ಒಳಗಿನಿಂದ ಕೇಳಿಸಿಕೊಂಡಳು, ಬಾಗಿಲು ತೆರೆಯಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಸಮರ್ಥಿಸಿಕೊಳ್ಳಲಿಲ್ಲ.

ಆರ್ಜೆಲ್ಲಾ ಆಮೇಲೆ ವಾರಕ್ಕೊಮ್ಮೆ ಬರುವುದನ್ನು ತಪ್ಪಿಸಲಿಲ್ಲ. ಬೆಂಡೆಕಾಯಿ, ಉಪ್ಪಿಗೆ ಹಾಕಿದ ಹಂದಿ ಮಾಂಸ, ಹೊಸದಾಗಿ ಹೊಲಿದ ರಜಾಯಿ, ಏನಾದರೊಂದನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು. ವರ್ಲೀನ್ ಅದನ್ನು ಒಳಗೆ ತಂದು ಬಳಸುತ್ತಿದ್ದಳು. ಸಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಎದುರು ಸಿಕ್ಕಾಗ ಆ ಮಾತೆತ್ತಲಿಲ್ಲ. ಕ್ಲಿಯೋಥಾ ಒಮ್ಮೆ, "ಅವ್ವನಿಗೆ ವಯಸ್ಸಾಯ್ತು, ಸಾಲ ತೀರ್ತು ಅಂತ ಒಂದು ಮಾತು ಹೇಳ್ಬಿಡೆ" ಎಂದ. "ನೀನು ಹೇಳು, ನಿನ್ನ ಪಾಲಿಂದನ್ನ ನೀನು ಬಿಟ್ಕೊಡು" ಎಂದಳು. ಅವನು ಮತ್ತೆ ಕೇಳಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಆರ್ಜೆಲ್ಲಾ ಹಾಸಿಗೆ ಹಿಡಿದಳು. ಹೆಣ್ಣುಮಕ್ಕಳೆಲ್ಲ ದೂರದ ಊರುಗಳಲ್ಲಿದ್ದರು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ವರ್ಲೀನಳದೇ. ಒಂದು ಬೆಳಿಗ್ಗೆ ಗಂಜಿಯ ಎರಡು ಚಮಚದ ನಡುವೆ ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ತೀರಿತೇನೆ?"

ವರ್ಲೀನ್ ಅವಳ ಗಲ್ಲಕ್ಕೆ ಇಳಿದಿದ್ದ ಗಂಜಿಯನ್ನು ಬಟ್ಟೆಯಿಂದ ಒರೆಸಿದಳು.

"ಇಲ್ಲ ಅತ್ತೆಮ್ಮ."

"ಹೂಂ" ಎಂದಳು ಆರ್ಜೆಲ್ಲಾ. "ಹಂಗೇ ಅಂದ್ಕೊಂಡಿದ್ದೆ."

ವರ್ಲೀನ್ ಚಮಚ ತುಂಬಿ ಮತ್ತೆ ಬಾಯಿಗೆ ಹಿಡಿದಳು. ಬಟ್ಟಲು ಖಾಲಿಯಾಗುವವರೆಗೆ ಕುಡಿಸಿದಳು. ಆ ಶನಿವಾರ ಆರ್ಜೆಲ್ಲಾ ತೀರಿಕೊಂಡಳು. ಸಾಲ ತೀರಲಿಲ್ಲ.